ಎಲೆ ಎಣಿಸಿದ ಸಂಜೆ

ತುಳುನಾಡಿನ ಆಟಿ ತಿಂಗಳ ಅಮಾವಾಸ್ಯೆಯ ದಿನ ಮಾವನ ಮಗನ ಫೋನು ತಪ್ಪುವುದಿಲ್ಲ. "ಕಷಾಯ ಕುಡಿದ್ಯಾ ಮಾರಾಯ?" ಅಷ್ಟೇ ಸಾಕು, ಮುಂದಿನ ಅರ್ಧ ಗಂಟೆ ನಾವಿಬ್ಬರೂ ಪುತ್ತೂರಿನ ಅಜ್ಜನ ಮನೆಯ ಜಗಲಿಯಲ್ಲಿರುತ್ತೇವೆ.

ಹಿಂದಿನ ಸಂಜೆಯೇ ಅಜ್ಜ ನಮ್ಮನ್ನು ಗುಡ್ಡೆಗೆ ಕರೆದೊಯ್ಯುತ್ತಿದ್ದರು. ಹಾಲೆ ಮರದ ಬುಡದಲ್ಲಿ ನಿಲ್ಲಿಸಿ, "ಎಲೆ ಎಣಿಸಿ" ಎನ್ನುವರು. ಒಂದೇ ಗೆಣ್ಣಿನ ಸುತ್ತ ಐದೋ ಆರೋ ಏಳೋ, ಕೊಡೆಯ ಕಡ್ಡಿಗಳ ಹಾಗೆ. ಚಿವುಟಿದರೆ ಬಿಳಿ ಹಾಲು. ಆಮೇಲೆ ಕಾಸರಕನ ಮರದ ಬಳಿಗೆ. ಅದಕ್ಕೆ ಗೆಣ್ಣಿಗೆ ಎರಡೇ ಎಲೆ, ಹಾಲಿಲ್ಲ. "ಕತ್ತಲೆಯಲ್ಲಿ ಕೈ ಇದಕ್ಕೆ ಬಂತೋ, ಮುಗೀತು." ಅದರಲ್ಲಿರುವುದು ಸ್ಟ್ರಿಕ್ನಿನ್ ಎಂಬ ವಿಷ ಎಂದು ಕಾಲೇಜಿನಲ್ಲಿ ಓದಿದ ದಿನ ಬೆನ್ನಲ್ಲಿ ಚಳಿ ಹರಿಯಿತು. ಎರಡೂ ಕಹಿಯೇ, ನಾಲಿಗೆಗೆ ಗೊತ್ತಾಗುವುದಿಲ್ಲ. ಅಜ್ಜ ಹಾಲೆಗೆ ಬಾಳೆನಾರು ಕಟ್ಟಿ ಗುರುತು ಮಾಡಿಯೇ ಇಳಿಯುತ್ತಿದ್ದರು.

ಬೆಳಕು ಹರಿಯುವ ಮೊದಲು ಕಷಾಯಕ್ಕೆ ಹಾಲೆಯ ಕೆತ್ತೆ, ಅಂದರೆ ತೊಗಟೆ, ತರಬೇಕು. ಕಬ್ಬಿಣ ತಾಗಬಾರದು, ಕಲ್ಲಿನಿಂದಲೇ ಜಜ್ಜಿ ತೆಗೆಯಬೇಕು. ಮೈಮೇಲೆ ಬಟ್ಟೆಯೂ ಇರಬಾರದೆಂಬ ಕ್ರಮ. ನಮ್ಮಜ್ಜ ಕೋಮಣದ ಮಟ್ಟಿಗೆ ರಾಜಿ ಮಾಡಿಕೊಂಡಿದ್ದರು. ಅಜ್ಜಿ ಕೆತ್ತೆಯನ್ನು ಓಮ, ಬೆಳ್ಳುಳ್ಳಿ, ಕರಿಮೆಣಸಿನೊಂದಿಗೆ ಅರೆದು ಹಿಂಡಿ, ಕೆಂಡದಲ್ಲಿ ಕಾದ ಬೆಣಚುಕಲ್ಲನ್ನು ಅದ್ದಿದರೆ ಚುಂಯ್ ಎಂದು ಅಡುಗೆಮನೆಯೇ ನಡುಗುತ್ತಿತ್ತು. ಬರಿಹೊಟ್ಟೆಗೆ ಅರ್ಧ ಲೋಟ. ವರ್ಷವಿಡೀ ರೋಗ ಹತ್ತಿರ ಸುಳಿಯುವುದಿಲ್ಲ ಎಂಬ ನಂಬಿಕೆ. ಸುಳಿಯುತ್ತಿತ್ತು, ಆ ಮಾತು ಬೇರೆ. ಕಷಾಯ ಉಷ್ಣ, ಅದಕ್ಕೆ ತಂಪಿಗೆ ಮೇಲಿಂದ ಮೆಂತೆ ಗಂಜಿ, ತೆಂಗಿನಹಾಲು ಬೆಲ್ಲ ಹಾಕಿದ್ದು. ನಾವು ಎದ್ದು ಕೂರುತ್ತಿದ್ದುದೇ ಆ ಗಂಜಿಯ ಆಸೆಗೆ.

ಒಂದು ವರ್ಷ ಮಾವನ ಮಗ ತನ್ನ ಪಾಲನ್ನು ಬಚ್ಚಲ ಹಿಂದಿನ ತಿಮರೆಗೆ ಸುರಿದ. ನಿಮ್ಮ ಕಡೆಯ ಒಂದೆಲಗವೇ ಈ ತಿಮರೆ. ಎರಡು ದಿನದ ಮೇಲೆ ಅಜ್ಜಿ ತಿಮರೆ ಚಟ್ನಿ ಬಡಿಸುತ್ತಾ, "ಈ ಸಲ ಯಾಕೋ ಕಹಿ" ಎಂದು ಅವನ ಮುಖವನ್ನೇ ನೋಡಿದರು. ಅವನು ಎರಡು ಸಲ ಹಾಕಿಸಿಕೊಂಡು ಉಂಡ.

ಆಟಿಯಲ್ಲಿ ಕಣಜ ತಳ ಕಾಣುತ್ತಿತ್ತು. ತಗಟೆ ಸೊಪ್ಪು, ಕೆಸುವಿನ ಪತ್ರೊಡೆ, ಹೊಳೆಬದಿಯ ಕಣಿಲೆ, ಅಂದರೆ ಎಳೆ ಬಿದಿರು. ಮದ್ದೆಂದು ತಿಂದೆವೋ ಹಸಿವಿಗೆ ತಿಂದೆವೋ, ಈಗ ಬೇರ್ಪಡಿಸಲಾರೆ. ಕೆಸು ಗಂಟಲು ತುರಿಸಬಾರದೆಂದು ಅಜ್ಜಿ ಹುಣಸೆಹುಳಿ ಧಾರಾಳ ಹಾಕುತ್ತಿದ್ದುದು ಮಾತ್ರ ನೆನಪಿದೆ.

ಕಳೆದ ವರ್ಷ ಬೆಂಗಳೂರಿನಲ್ಲಿ ಊರಿನವರು ಸೇರಿ ಪೇಪರ್ ಲೋಟದಲ್ಲಿ ಕಷಾಯ ಹಂಚಿದರು. ಫೋನಿನಲ್ಲಿ ಹೇಳಿದೆ.

"ಮರ ನೋಡಿದವರು ಯಾರು ಅಂತ ಕೇಳಿದ್ಯಾ?" ಎಂದ.

ಕೇಳಿರಲಿಲ್ಲ. ಕುಡಿದಾಗಿತ್ತು.