ಗಡಿ ದಾಟುವ ಕಾರ್ಡು

ಅರ್ಥಶಾಸ್ತ್ರಜ್ಞರೆಂದರೆ ನಮಗೆ ನೆನಪಾಗುವುದು ಬಜೆಟ್ ದಿನ ಮಾತ್ರ. ಆದರೆ ಅರ್ಥಶಾಸ್ತ್ರಜ್ಞ ಇಂದು ಭೂಷಣ್ ಐಎಎಸ್ ಸೇರಿದವರು, ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆರೋಗ್ಯ ಅರ್ಥಶಾಸ್ತ್ರ ಓದಿದವರು, ವಿಶ್ವಬ್ಯಾಂಕ್, ಏಷ್ಯಾ ಅಭಿವೃದ್ಧಿ ಬ್ಯಾಂಕ್‌ಗಳಲ್ಲಿ ದುಡಿದವರು. 2018ರಲ್ಲಿ ಕೇಂದ್ರ ಸರ್ಕಾರದ ಆರೋಗ್ಯ ಯೋಜನೆ ಆಯುಷ್ಮಾನ್ ಭಾರತದ ಮೊದಲ ಸಿಇಒ ಆದರು. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಆಸ್ಪತ್ರೆ ಚಿಕಿತ್ಸೆ ಎಂಬ ಅಂಕಿಯೇ ಆಗ ಸುದ್ದಿಯಾಯಿತು. ನನಗೆ ಅದಕ್ಕಿಂತ ದೊಡ್ಡದೆನಿಸುವುದು ಇನ್ನೊಂದು ನಿಯಮ: ಒಂದು ರಾಜ್ಯದ ಕಾರ್ಡು ಇನ್ನೊಂದು ರಾಜ್ಯದ ನೋಂದಾಯಿತ ಆಸ್ಪತ್ರೆಯಲ್ಲೂ ನಡೆಯಬೇಕು.

ಆ ನಿಯಮದ ಬೆಲೆ ಗೊತ್ತಾಗಬೇಕಾದರೆ ಗೋವಾದ ಮಡಗಾಂವಿನ ಮೋತಿ ಡೊಂಗರ್ ಹತ್ತಬೇಕು. ಗುಡ್ಡದ ಇಳಿಜಾರಿನಲ್ಲಿ ಒತ್ತೊತ್ತಾಗಿ ಮನೆಗಳು, ಉತ್ತರ ಕರ್ನಾಟಕದಿಂದ ದುಡಿಯಲು ಬಂದ ಎಷ್ಟೋ ಕುಟುಂಬಗಳು. ಗೋವಾ ಸರ್ಕಾರದ ದೀನ್ ದಯಾಳ್ ಸ್ವಾಸ್ಥ್ಯ ಸೇವಾ ಯೋಜನೆಗೆ 5 ವರ್ಷದ ವಾಸ ತೋರಿಸಬೇಕು. ಬಾಡಿಗೆ ಕೋಣೆ ಬದಲಿಸುತ್ತಲೇ ಇರುವ ಗೌಂಡಿ ಅಷ್ಟು ಕಾಗದ ಎಲ್ಲಿಂದ ತಂದಾನು? ಅವನ ರೇಷನ್ ಕಾರ್ಡು ಊರಲ್ಲಿ, ಕಾಯಿಲೆ ಇಲ್ಲಿ. ಊರಲ್ಲಿ ಮಾಡಿಸಿದ ಆಯುಷ್ಮಾನ್ ಕಾರ್ಡು ಇಲ್ಲೂ ನಡೆಯಬೇಕಾದದ್ದು ಇಂಥವನಿಗಾಗಿಯೇ.

ಗೋವಾದಲ್ಲಿ ದುಡಿಯುವ ನಿಮ್ಮವರು ಇದ್ದರೆ, ಹಬ್ಬಕ್ಕೆ ಊರಿಗೆ ಬಂದಾಗ ಆಯುಷ್ಮಾನ್ ಕಾರ್ಡು ಮಾಡಿಸಿಯೇ ಕಳಿಸಿ.