ಇಲಿ ಬಿದ್ದ ಮೇಲೆ ಕಟ್ಟಿದ ಮನೆ

ಗೇಟನ್ನು ತುಸು ಮೇಲಕ್ಕೆತ್ತಿ ತಳ್ಳಿ. ಇಲ್ಲದಿದ್ದರೆ ಕಿರ್ರೆಂದು ನೀವು ಬಂದ ಸುದ್ದಿ ಬೀದಿಗೆಲ್ಲ ಗೊತ್ತಾಗುತ್ತದೆ. ಸಂಪಿಗೆ ರಸ್ತೆಯ ಹಾರ್ನು, ಹೂವಿನವರ ಕೂಗು ಈ ಅಡ್ಡರಸ್ತೆಗೆ ಬರುವಷ್ಟರಲ್ಲಿ ಮೆತ್ತಗಾಗಿವೆ. ಎರಡು ಪಕ್ಕದಲ್ಲೂ ಅಪಾರ್ಟ್‌ಮೆಂಟು. ನಡುವೆ ನಮ್ಮ ಮನೆ, ಮದುವೆ ಫೋಟೋದಲ್ಲಿ ಎತ್ತರದವರ ಮಧ್ಯೆ ಕೂರಿಸಿದ ಅಜ್ಜಿಯ ಹಾಗೆ.

ತಲೆಯೆತ್ತಿ ನೋಡಿ. ಕಿಟಕಿಯ ಮೇಲೆ ಮರದ ಪಟ್ಟಿ ಜೋಡಿಸಿ ಮಾಡಿದ ಚೂಪು ಟೊಪ್ಪಿಗೆ. ಮಂಕಿಟಾಪ್ ಅನ್ನುವುದು ಇದಕ್ಕೇ. ಕ್ಯಾಮೆರಾ ಹಿಡಿದು ಮಲ್ಲೇಶ್ವರ ಸುತ್ತುವ ಹುಡುಗರು ಬೇಲಿಯಾಚೆ ನಿಂತು, ‘ಆಗ ಎಷ್ಟು ಚೆಂದ ಕಟ್ತಿದ್ರು ಸಾರ್’ ಅನ್ನುತ್ತಾರೆ. ಹೂಂ ಅನ್ನುತ್ತೇನೆ. ಆದರೆ ಇದು ಚೆಂದಕ್ಕೆ ಕಟ್ಟಿದ್ದಲ್ಲ, ಹೆದರಿ ಕಟ್ಟಿದ್ದು.

1898ರ ಆಗಸ್ಟಿನಲ್ಲಿ ಪ್ಲೇಗು ರೈಲು ಹತ್ತಿ ಬೆಂಗಳೂರಿಗೆ ಬಂತು. ಪೇಟೆಯ ಓಣಿಗಳಲ್ಲಿ ಗೋಡೆಗೆ ಗೋಡೆ ಅಂಟಿದ ಮನೆಗಳು. ಕೆಳಗೆ ದವಸದ ಮೂಟೆ, ಮೂಟೆಯ ಸಂದಿಯಲ್ಲಿ ಇಲಿ. ‘ಇಲಿ ಬಿತ್ತು’ ಅಂದರೆ ಸಾಕು, ಹಾಸಿಗೆ ಸುತ್ತಿಕೊಂಡು ಮಂದಿ ಊರಾಚೆಯ ಬಯಲಿಗೆ ಹೋಗಿ ಜೋಪಡಿ ಹಾಕುತ್ತಿದ್ದರು. ಬಳೇಪೇಟೆಯಲ್ಲಿದ್ದ ನಮ್ಮ ಮುತ್ತಜ್ಜನ ಮನೆಯಲ್ಲಿ ಅಟ್ಟದಿಂದ ಬಿದ್ದ ಇಲಿ ಹಾಲಿನ ತಂಬಿಗೆಯ ಪಕ್ಕದಲ್ಲೇ ಸತ್ತಿತ್ತಂತೆ. ಆ ಇಲಿಯ ಕಥೆ ನಾಲ್ಕು ತಲೆಮಾರು ದಾಟಿ ನನ್ನವರೆಗೆ ಬಂದಿದೆ. ಈ ಮನೆಗೆ ಎಷ್ಟು ಖರ್ಚಾಯಿತೆಂಬ ಲೆಕ್ಕ ಬಂದಿಲ್ಲ.

ಪೇಟೆ ಬಿಟ್ಟವರಿಗೆ ಎರಡು ದಿಕ್ಕು: ಬಸವನಗುಡಿ, ಇಲ್ಲವೇ ಮಲ್ಲೇಶ್ವರ. ಎರಡೂ ಹೊಸ ಬಡಾವಣೆ, ಎರಡಕ್ಕೂ ಹಳೇ ದೇವರ ಹೆಸರು. ಇಲ್ಲಿಯ ಕಾಡು ಮಲ್ಲೇಶ್ವರನಿಗೆ ಆಗಲೇ ಇನ್ನೂರು ವರ್ಷ ದಾಟಿತ್ತು. ಆ ಗುಡಿಗೆ ಶಿವಾಜಿಯ ಮಲಸಹೋದರ ಏಕೋಜಿಯ ಕಾಲದ ಶಾಸನವಿದೆ.

ಚಪ್ಪಲಿ ಜಗಲಿಯಲ್ಲೇ ಬಿಟ್ಟು ಒಳಗೆ ಬನ್ನಿ. ಅಂಗಾಲಿಗೆ ತಣ್ಣಗಾಯಿತಲ್ಲ? ರೆಡ್ ಆಕ್ಸೈಡ್ ನೆಲ. ನೂರು ವರ್ಷ ಒರೆಸಿಸಿಕೊಂಡು ಈಗ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿದೆ, ಬಾಗಿದರೆ ಮುಖ ಮಸುಕಾಗಿ ಕಾಣುತ್ತದೆ. ಮೇಲೆ ತೇಗದ ಜಂತೆಗಳ ಮೇಲೆ ಸಣ್ಣ ಇಟ್ಟಿಗೆ ನಿಲ್ಲಿಸಿ ಗಾರೆ ತುಂಬಿದ ಮದ್ರಾಸ್ ತಾರಸಿ. ಕಿಟಕಿ ಎಣಿಸಿ, ಈ ಹಜಾರವೊಂದಕ್ಕೇ ಆರು. ಸೂರಿನ ಕೆಳಗೆ ನಾಲ್ಕು ಗವಾಕ್ಷಿ. ಹಗ್ಗ ಎಳೆದರೆ ತೆರೆದುಕೊಳ್ಳುತ್ತವೆ, ಎಡಗಡೆಯದೊಂದು ಬಿಟ್ಟು.

ಇದೆಲ್ಲ ವೈದ್ಯರ ಚೀಟಿ. ಕತ್ತಲೆ, ಇಕ್ಕಟ್ಟು, ಕೆಟ್ಟ ಗಾಳಿ ಇದ್ದಲ್ಲಿ ರೋಗ ಅಂತ ಆಗಿನ ನಂಬಿಕೆ. ಹಾಗಾಗಿ ಮನೆಗೂ ಮನೆಗೂ ನಡುವೆ ಅಂತರ, ಸುತ್ತ ಕಾಂಪೌಂಡು, ಎದುರುಬದುರು ಕಿಟಕಿ. ಅದೇ 1898ರಲ್ಲಿ, ಅತ್ತ ಕರಾಚಿಯಲ್ಲಿ, ಪಾಲ್-ಲೂಯಿ ಸಿಮಂಡ್ ಎಂಬ ಫ್ರೆಂಚ್ ವೈದ್ಯ ಪ್ಲೇಗು ಹರಡುವುದು ಇಲಿಯ ಮೈಮೇಲಿನ ಚಿಗಟದಿಂದ ಎಂದು ಪ್ರಯೋಗ ಮಾಡಿ ತೋರಿಸಿದ್ದ. ಬಹಳ ಜನ ನಂಬಲಿಲ್ಲ. ಚಿಗಟಕ್ಕೆ ಹೆದರಬೇಕಿದ್ದ ನಮ್ಮ ಮುತ್ತಜ್ಜ ಗಾಳಿಗೆ ಹೆದರಿ ಆರು ಕಿಟಕಿ ಇಡಿಸಿದ. ಆ ತಪ್ಪಿನ ತಂಪಿನಲ್ಲಿ ನಾವು ಇಷ್ಟು ವರ್ಷ ಫ್ಯಾನಿಲ್ಲದೆ ಮಲಗಿದ್ದೇವೆ.

ನಡುಮನೆ, ದೇವರಮನೆ, ಅಡುಗೆಮನೆ. ಎಲ್ಲರ ಮನೆಯಂತೆಯೇ, ನಿಲ್ಲಬೇಕಿಲ್ಲ. ಈ ಹಿತ್ತಲ ಕೋಣೆಯನ್ನು ಮಾತ್ರ ನೋಡಿ. ಬಾಣಂತಿಯರು, ಮುಟ್ಟಾದವರು, ಸಿಡುಬು ಬಂದವರು ಮಲಗಿದ ಕೋಣೆ. ಆಮೇಲೆ ಹಳೇ ಪೇಪರು ತುಂಬಿಟ್ಟಿದ್ದೆವು. 2020ರಲ್ಲಿ ದೊಡ್ಡಪ್ಪನಿಗೆ ಕೋವಿಡ್ ಬಂದಾಗ ಪೇಪರೆಲ್ಲ ತೂಕಕ್ಕೆ ಹಾಕಿ, ಕಿಟಕಿ ತೆರೆದು, ಊಟದ ತಟ್ಟೆಯನ್ನು ಹೊಸ್ತಿಲಾಚೆಯಿಂದ ತಳ್ಳಿದೆವು. ಹೇಗೆ ತಳ್ಳಬೇಕೆಂದು ಯಾರೂ ಯಾರಿಗೂ ಹೇಳಿಕೊಡಬೇಕಾಗಲಿಲ್ಲ.

ಬಚ್ಚಲುಮನೆ ದಾಟಿ, ಹಂಡೆ ಒಲೆಯ ಮಸಿ ತಾಗದಂತೆ ಬನ್ನಿ. ಕಾಂಪೌಂಡಿನ ಕೊನೆಯಲ್ಲಿ ಒಂದು ಗಿಡ್ಡ ಬಾಗಿಲಿದೆ. ಸೊಂಟ ಬಗ್ಗಿಸದೆ ದಾಟಲಾಗದು. ಆಚೆ ಕನ್ಸರ್ವೆನ್ಸಿ ಲೇನು, ಮನೆಗಳ ಬೆನ್ನಿಗೆ ಬೆನ್ನು ಕೊಟ್ಟ ಓಣಿ. ಈಗ ಸ್ಕೂಟರು ನಿಲ್ಲುತ್ತವೆ, ಗೋಡೆಗಳಿಗೆ ಬಣ್ಣದ ಚಿತ್ರ ಬಳಿದಿದ್ದಾರೆ. ಆ ಕಾಲದಲ್ಲಿ ಪಾಯಿಖಾನೆಯ ಬುಟ್ಟಿ ಎತ್ತುವವರು ಮುಂದಿನ ಗೇಟಿನಿಂದ ಬರಬಾರದು ಅಂತಲೇ ಬಡಾವಣೆಯ ನಕ್ಷೆಯಲ್ಲಿ ಎಳೆದ ದಾರಿ ಇದು. ಅವರು ಬೆಳಕು ಹರಿಯುವ ಮೊದಲೇ ಬಂದು ಹೋಗುತ್ತಿದ್ದರು. ಮುತ್ತಜ್ಜನ ಇಲಿಗೆ ಕಥೆಯಿದೆ. ದಿನವೂ ಈ ಬಾಗಿಲು ಬಗ್ಗಿ ಬಂದವರ ಒಂದು ಹೆಸರೂ ನಮ್ಮ ಮನೆಯವರ ಬಾಯಲ್ಲಿ ಉಳಿದಿಲ್ಲ. 1970ರ ದಶಕದಲ್ಲಿ, ಬಿ. ಬಸವಲಿಂಗಪ್ಪನವರು ಮಂತ್ರಿಯಾಗಿದ್ದಾಗ, ತಲೆಯ ಮೇಲೆ ಮಲ ಹೊರುವುದನ್ನು ರಾಜ್ಯ ನಿಷೇಧಿಸಿತು. ನಮ್ಮ ಬಾಗಿಲಿಗೆ ಅಷ್ಟರಲ್ಲೇ ಚಿಲಕ ಬಿದ್ದಿತ್ತಂತೆ.

ಚಿಲಕ ಹಿಡಿದು ನೋಡಿ. ಕಬ್ಬಿಣದ ತುಕ್ಕು ಬೆರಳಿಗೆ ಹತ್ತುತ್ತದೆ. ಒಳಮೈ ಒರಟು, ಹೊರಗಡೆ ಹಿಡಿಯೇ ಇಲ್ಲ. ಆಚೆಯಿಂದ ತೆರೆಯಲು ಬಾರದ ಬಾಗಿಲು. ಬಂದವರು ಕೂಗಿ ಕಾಯಬೇಕಿತ್ತು.

ಹಿಂದೆ ಅಡುಗೆಮನೆಯ ಕಿಟಕಿಯಲ್ಲಿ ದೊಡ್ಡಮ್ಮನ ಮುಖ. ಕಾಫಿ ಬೆರೆಸಿಯಾಗಿದೆ.

‘ಆ ಬಾಗಿಲು ಮುಟ್ಟಿದ್ಯೇನೋ?’ ಅನ್ನುತ್ತಾರೆ. ‘ನಲ್ಲಿ ಹತ್ರ ಕೈಕಾಲು ತೊಳ್ಕೊಂಡು ಬಾ. ಅವರಿಗೂ ಹೇಳು.’