ಬಂದುಹೋಗುವವರ ಬಾಬ್ತು

1974ರಲ್ಲಿ ನಾನು ಮದುವೆಯಾಗಿ ಮೈಸೂರಿಗೆ ಬಂದಾಗ ನಮ್ಮೆಜಮಾನರ ಕೈಗೆ ಸಿಗುತ್ತಿದ್ದ ಸಂಬಳ 340 ರೂಪಾಯಿ. ಒಂದನೇ ತಾರೀಖು ಸಂಜೆ ಅದು ದೇವರ ಮುಂದೆ ಕೂತು, ಆಮೇಲೆ ಅತ್ತೆಯವರ ಕೈಗೆ ಹೋಗುತ್ತಿತ್ತು. ನಡುಮನೆಯಲ್ಲಿ ಚಾಪೆ ಹಾಸಿಕೊಂಡು ಅವರು ನೋಟುಗಳನ್ನು ಬಾಬ್ತುವಾರು ವಿಂಗಡಿಸುತ್ತಿದ್ದರು. ಬಾಡಿಗೆ 60, ಹಾಲಿನವನಿಗೆ 45, ಸಂತೆಪೇಟೆಯ ಅಂಗಡಿಗೆ 110, ‘ಬಂದುಹೋಗುವವರು’ 15. ಒಂದೊಂದು ಬಾಬ್ತಿಗೂ ಒಂದೊಂದು ಬಟ್ಟೆಯ ಸಂಚಿ. ಒಂದರಿಂದ ಇನ್ನೊಂದಕ್ಕೆ ಸಾಲ ತೆಗೆದರೆ, ತೆಗೆದ ಸಂಚಿಯೊಳಗೆ ಚೀಟಿ ಬರೆದಿಡಬೇಕಿತ್ತು. ನಯಾಪೈಸೆ ಬಂದದ್ದು 1957ರಲ್ಲಿ. ಅತ್ತೆಯವರ ಬಾಯಿಲೆಕ್ಕ ಮಾತ್ರ ಕೊನೆಯವರೆಗೂ ಆಣೆಯಲ್ಲೇ ಇತ್ತು.

ಆ ವರ್ಷ ಬೆಲೆ ಏರಿದ ಪರಿ ನೆನೆದರೆ ಈಗಲೂ ದಿಗಿಲು. ಸೀಮೆಎಣ್ಣೆಗೆ ಡಬ್ಬ ಹಿಡಿದು ಸಾಲಲ್ಲಿ ನಿಂತೆವು. ಅತ್ತೆ ಒಳಗಿನ ಅಳತೆ ಬಿಗಿ ಮಾಡಿದರು. ಪಾವಿನಲ್ಲಿ ಅಳೆದು ಮೊರಕ್ಕೆ ಸುರಿದ ಅಕ್ಕಿಯಿಂದ ದಿನವೂ ಒಂದು ಹಿಡಿ ತೆಗೆದು, ಬೇವಿನಸೊಪ್ಪು ಹಾಕಿದ ಗಡಿಗೆಗೆ ಸೇರಿಸುತ್ತಿದ್ದರು. ಉಣ್ಣುವವರಿಗೆ ಗೊತ್ತೇ ಆಗುತ್ತಿರಲಿಲ್ಲ. ತಿಂಗಳ ಕೊನೆಗೆ ಗಡಿಗೆ ಬಗ್ಗಿಸಿದರೆ ಎರಡು ಮೂರು ದಿನದ ಅನ್ನಕ್ಕಾಗುವಷ್ಟು ಅಕ್ಕಿ ಇರುತ್ತಿತ್ತು.

ಕಾಫಿಯಲ್ಲಿ ಮಾತ್ರ ಗುಟ್ಟು ನಿಲ್ಲುತ್ತಿರಲಿಲ್ಲ. ತಿಂಗಳ ಮೊದಲಿಗೆ ಬೀಜ ಹುರಿಸಿ, ಪುಡಿ ಮಾಡಿಸಿ ತಂದ ಬಿಸಿ ಪೊಟ್ಟಣದ ಘಮ ಬೀದಿಗೇ ಹಬ್ಬುತ್ತಿತ್ತು. ಇಪ್ಪತ್ತನೇ ತಾರೀಖು ದಾಟಿತೆಂದರೆ ಚಿಕೋರಿ ಹೆಚ್ಚುತ್ತಿತ್ತು. ಬಣ್ಣ ಕಪ್ಪಾಗಿ ಘಮ ಇಳಿಯುತ್ತಿತ್ತು. ಮಾವನವರು ಒಂದು ಗುಟುಕು ಕುಡಿದು, “ಇವತ್ತು ತಾರೀಖು ಎಷ್ಟು?” ಎಂದು ಕೇಳುತ್ತಿದ್ದರು.

ನನಗಾಗ ಇಪ್ಪತ್ತು ವರ್ಷ. ರಾಜಕುಮಾರ್ ಅವರ ‘ಎರಡು ಕನಸು’ ಬಂದಿತ್ತು. ಇಷ್ಟು ಬಿಗಿಯ ಮನೆಯಲ್ಲಿ ಸಿನಿಮಾ ಅಂತ ಬಾಯಿ ಬಿಡುವುದು ಹೇಗೆಂದು ಒದ್ದಾಡಿ, ಕೊನೆಗೆ ಕೇಳಿಯೇಬಿಟ್ಟೆ. ಅತ್ತೆ ಲೆಕ್ಕದ ಪುಸ್ತಕ ತೆಗೆದು ತೋರಿಸಿದರು. ‘ಮಗ ಸೊಸೆ ಸಿನಿಮಾ, 4 ರೂ.’ ಎಂದು ಒಂದನೇ ತಾರೀಖೇ ಬರೆದಿಟ್ಟಿದ್ದರು. “ಬರೀದಿದ್ರೆ ನೀವಿಬ್ರೂ ಹೋಗ್ದೆ ಇರ್ತೀರೇನಮ್ಮ? ಹೋಗೇ ಹೋಗ್ತೀರಿ. ಆಗ ಹಾಲಿನವನ ದುಡ್ಡಿಗೆ ಕೈ ಹಾಕ್ತೀರಿ” ಅಂದರು. ಲೆಕ್ಕ ಹಾಕಿ ಬದುಕುವುದನ್ನು ನಾನು ಕಲಿತದ್ದು ಆ ಒಂದು ಸಾಲಿನಿಂದ.

ಸಂಚಿಗಳು ಹೋಗಿ ಎಷ್ಟೋ ಕಾಲವಾಯಿತು. 2011ರಲ್ಲಿ ನಾಲ್ಕಾಣೆಯೂ ಚಲಾವಣೆಯಿಂದ ಹೋಯಿತು. ಬೆಂಗಳೂರಿನಲ್ಲಿರುವ ಮೊಮ್ಮಗಳು ನೋಟು ಮುಟ್ಟುವುದೇ ಅಪರೂಪ. ಸಂಬಳ ಬಂದ ದಿನವೇ ಬಾಡಿಗೆ, ಕಂತು, ಉಳಿತಾಯ ಎಂದು ಬೇರೆ ಬೇರೆ ಖಾತೆಗೆ ಹಾಕಿಬಿಡುತ್ತಾಳೆ. ಅತ್ತೆ ಇದ್ದಿದ್ದರೆ ಒಪ್ಪುತ್ತಿದ್ದರು. ಆದರೂ ತಿಂಗಳ ಕೊನೆಗೆ ದುಡ್ಡು ಸಾಲುವುದಿಲ್ಲ ಎಂದಳು. ಫೋನಿನಲ್ಲಿದ್ದ ಅವಳ ಲೆಕ್ಕ ನೋಡಿದೆ. ದಿನಸಿ, ಪೆಟ್ರೋಲು ಎಲ್ಲ ಇತ್ತು. ಮದುವೆಮುಯ್ಯಿ, ಗೃಹಪ್ರವೇಶ, ಮನೆಗೆ ಬಂದ ಸ್ನೇಹಿತರ ಊಟ, ಇವುಗಳಿಗೆ ಜಾಗವೇ ಇರಲಿಲ್ಲ. ನಮ್ಮ ಮನೆಯಲ್ಲೂ ಲೆಕ್ಕ ತಪ್ಪುತ್ತಿದ್ದದ್ದು ಅಕ್ಕಿ ಬೇಳೆಯಿಂದಲ್ಲ, ಇವುಗಳಿಂದಲೇ.

‘ಬಂದುಹೋಗುವವರು’ ಎಂದು ಒಂದು ಬಾಬ್ತು ಸೇರಿಸಿ 3,000 ಇಟ್ಟಳು. ಮೊದಲ ತಿಂಗಳೇ ಎರಡು ಮದುವೆ ಬಂದು 4,200 ಆಯಿತು. ಹೆಚ್ಚಾದದ್ದನ್ನು ಬಟ್ಟೆಬರೆಯ ಖಾತೆಯಿಂದ ಸಾಲ ಎಂದು ಬರೆದುಕೊಂಡಿದ್ದಾಳೆ.